ಮೂರನೆಯ ಸರದಿ

ಗ್ವೆರ್ನೋಗ್ ಕಣಿವೆಯಲ್ಲಿ ಬರೀ ಹೆಸರು ಹೇಳಿದರೆ ಯಾರೂ ಗುರುತು ಹಿಡಿಯುವುದಿಲ್ಲ, ಹೆಸರಿನ ಜೊತೆ ಮನೆಯೂ ಬರಬೇಕು. ಲಕೋಟೆಯ ಮೇಲೆ ಮೋರ್ವಿದ್ ಬ್ರೀಸ್ ಎಂದಿದ್ದರೂ ಅಂಚೆಯವನು ಅಂಗಳದಲ್ಲಿ ನಿಂತು ಕೂಗುವುದು ಮೇಲಿನಮನೆ ಮೋರ್ವಿದ್ ಎಂದೇ. ಅವಳಿಗೆ ಈಗ ಎಪ್ಪತ್ತೆರಡು. ಹಳ್ಳಿಹಳ್ಳಿಗೆ ಪುಸ್ತಕ ಎರವಲು ಕೊಡುವ ಕೌಂಟಿ ಗ್ರಂಥಾಲಯದ ವ್ಯಾನನ್ನು ಮೂವತ್ತೊಂದು ವರ್ಷ ಓಡಿಸಿದವಳು. ವೇಲ್ಸಿನ ಆ ಮೂಲೆಯ ರಸ್ತೆಗಳು ಒಂದು ಗಾಡಿಗೇ ಇಕ್ಕಟ್ಟು. ಎದುರಿಗೆ ಹಾಲಿನ ಲಾರಿ ಬಂದರೆ ಯಾರು ಹಿಂದಕ್ಕೆ ಸರಿಯಬೇಕು ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಯಲ್ಲಿ ಮೋರ್ವಿದ್ ಒಂದು ದಿನವೂ ಸೋತವಳಲ್ಲ. ಪುಸ್ತಕದ ಹಾಳೆಯ ಕಿವಿ ಮಡಚಿದವರನ್ನು ಭಾನುವಾರ ಚರ್ಚಿನ ಬಾಗಿಲಲ್ಲೇ ಹಿಡಿದು ವಿಚಾರಿಸಿಕೊಳ್ಳುತ್ತಿದ್ದಳು.

ಕೆಲಸದಿಂದ ನಿವೃತ್ತಳಾದ ಮೇಲೆ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟಳು. ಬಂದವರೆಲ್ಲ ಕೋಟೆ ಎಲ್ಲಿ, ಜಲಪಾತ ಎಲ್ಲಿ ಎಂದು ನಕ್ಷೆ ಬಿಚ್ಚುತ್ತಿದ್ದರು. ಮೋರ್ವಿದ್ ಮೊಟ್ಟೆ ಬಡಿಸುತ್ತ ಒಂದೇ ಮಾತು ಹೇಳುತ್ತಿದ್ದಳು. "ಕೋಟೆ ಎಲ್ಲೂ ಹೋಗಲ್ಲ, ಅಲ್ಲೇ ಇರುತ್ತೆ. ನೀವು ಜನವರೀಲಿ ಬನ್ನಿ. ನಮ್ ಚರ್ಚಲ್ಲಿ ಒಂದು ಸಂಜೆ ಬಾಯಿ ಮುಚ್ಕೊಂಡು ಕೂತ್ಕೊಳಿ. ಆಮೇಲೆ ಕೋಟೆ ವಿಷಯ ಮಾತಾಡೋಣ."

ಬಾಯಿ ಮುಚ್ಚಿಕೊಂಡು ಎಂದದ್ದು ಒರಟುತನದಿಂದಲ್ಲ. ಜನವರಿಯ ಎರಡನೆಯ ಭಾನುವಾರ ಗ್ವೆರ್ನೋಗ್ ಚರ್ಚಿನಲ್ಲಿ ಪ್ಲಗೈನ್ ನಡೆಯುತ್ತದೆ. ಸಂಜೆ ಆರಕ್ಕೆ ಪಾದ್ರಿಗಳು ಚಿಕ್ಕದೊಂದು ಪ್ರಾರ್ಥನೆ ಹೇಳಿ, ಇನ್ನು ನಿಮ್ಮದು ಎನ್ನುವಂತೆ ಹೋಗಿ ಕುಳಿತುಬಿಡುತ್ತಾರೆ. ಅಲ್ಲಿಂದ ಮುಂದೆ ಹೆಸರು ಕೂಗುವವರಿಲ್ಲ, ಪಟ್ಟಿಯಿಲ್ಲ, ಪಕ್ಕವಾದ್ಯವಿಲ್ಲ. ಯಾರ ಸರದಿ ಎಂದು ಅವರವರಿಗೆ ಗೊತ್ತು. ಎದ್ದು ಮುಂದೆ ಹೋಗಿ, ಉಕ್ಕಿನ ಶ್ರುತಿಕವೆ ತಟ್ಟಿ ಕಿವಿಗೆ ಹಿಡಿದು, ಕ್ರಿಸ್ತಜನನದ ಒಂದು ಹಾಡು ಹಾಡಿ, ಬಂದು ಕುಳಿತುಕೊಳ್ಳಬೇಕು. ಎಲ್ಲರದೂ ಒಂದು ಸುತ್ತು ಆದ ಮೇಲೆ ಅದೇ ಸರದಿಯಲ್ಲಿ ಎರಡನೆಯ ಸುತ್ತು, ಆಗ ಬೇರೆ ಹಾಡು. ಆ ಸಂಜೆ ಒಬ್ಬರು ಹಾಡಿದ್ದನ್ನು ಇನ್ನೊಬ್ಬರಾಗಲಿ, ಅವರೇ ಆಗಲಿ, ಮತ್ತೆ ಹಾಡುವಂತಿಲ್ಲ. ಎಷ್ಟು ಚೆನ್ನಾಗಿ ಹಾಡಿದರೂ ಚಪ್ಪಾಳೆಯಿಲ್ಲ. ದೇವರಿಗೆ ಹಾಡಿದ್ದಕ್ಕೆ ಮನುಷ್ಯರು ಯಾಕೆ ಚಪ್ಪಾಳೆ ತಟ್ಟಬೇಕು ಎಂದು ಮೋರ್ವಿದ್ ಕೇಳುತ್ತಾಳೆ. ಹಾಗೆ ಕೇಳುವಾಗ ಅವಳ ಗಲ್ಲ ತುಸು ಮೇಲಕ್ಕೇಳುತ್ತದೆ.

ಅಲ್ಲಿ ಒಂದೊಂದು ಮನೆಗೂ ಅದರದೇ ಹಾಡುಗಳು, ಕೈಬರಹದ ಪುಸ್ತಕದಲ್ಲಿ. ಮೇಲಿನಮನೆಯ ಹಾಡು ಹನ್ನೊಂದು ನುಡಿಯದು. ಆದಾಮನ ತೋಟದಿಂದ ಹೊರಟು, ಕೊಟ್ಟಿಗೆಯ ಗೋದಲಿ ಕಂಡು, ಶಿಲುಬೆಯವರೆಗೆ ಹೋಗಿ ಮುಟ್ಟುವಷ್ಟರಲ್ಲಿ ಬಲಿಪೀಠದ ಮೇಣದಬತ್ತಿ ಒಂದು ಬೆರಳು ಕರಗಿರುತ್ತದೆ. ಮೂರು ದನಿ ಬೇಕು. ಮೇಲಿನ ದನಿ ಅಪ್ಪ ಇವಾನ್‌ನದು, ಕೆಳದನಿ ದೊಡ್ಡ ಮಗ ತೆಕ್ವಿನ್‌ನದು, ನಡುದನಿ ಎರಡನೆಯವನಾದ ಎಲಿಸ್‌ನದು. ಮೋರ್ವಿದ್ ಕಿರಿಯವಳು. ಅವಳಿಗೆ ಹನ್ನೊಂದಾಗಿದ್ದಾಗ ಹಳೆಯ ಪುಸ್ತಕದ ಮೂಲೆ ಇಲಿ ಕಡಿಯಿತು. ಅಪ್ಪನ ಬೆರಳುಗಳು ಚಳಿಗೆ ಒಡೆದು ಲೇಖನಿ ಹಿಡಿಯುವಂತಿರಲಿಲ್ಲ. ನಿನ್ನ ಅಕ್ಷರ ದುಂಡಗಿದೆ, ನೀನೇ ಬರಿ ಎಂದ. ಕರಿಯ ರಟ್ಟಿನ ನೋಟುಪುಸ್ತಕವೊಂದರಲ್ಲಿ ಅವಳು ಮನೆಯ ಇಪ್ಪತ್ತಾರು ಹಾಡುಗಳನ್ನೂ ಮೂರೂ ದನಿಗಳ ಸಮೇತ ಬರೆದಳು.

ಬರೆಯಲು ಹುಡುಗಿಯ ಕೈ ಆಗುತ್ತಿತ್ತು. ಎದ್ದು ನಿಂತು ಹಾಡಲು ಮಾತ್ರ ಆಗಿನ ಗ್ವೆರ್ನೋಗ್‌ನಲ್ಲಿ ಗಂಡಸರೇ ಬೇಕಿತ್ತು. ಆದರೆ ಅಡುಗೆಮನೆಯ ತಾಲೀಮಿನಲ್ಲಿ ಅವಳಿಲ್ಲದೆ ಸಾಗುತ್ತಿರಲಿಲ್ಲ. ತೆಕ್ವಿನ್ ಹಾಲು ಕರೆಯಲು ಹೋಗಿದ್ದರೆ ಅವನ ದನಿ ಇವಳದು. ಎಲಿಸ್ ಹುಡುಗಿಯರ ಹಿಂದೆ ಹೋಗಿದ್ದರೆ ಅವನದೂ ಇವಳದೇ. ಅಪ್ಪನಿಗೆ ನೆಗಡಿಯಾದರೆ ಅಪ್ಪನದು. ಹೀಗೆ ಮೂರೂ ದನಿ ಅವಳ ಗಂಟಲಿಗೆ ಇಳಿದವು. ಮುಂದೆ ವ್ಯಾನು ಓಡಿಸುವಾಗ ಹಳ್ಳಿಯಿಂದ ಹಳ್ಳಿಗೆ ಹೋಗುವ ದಾರಿಯುದ್ದಕ್ಕೂ ಒಂದು ದಿನ ಮೇಲಿನದು, ಒಂದು ದಿನ ನಡುವಿನದು ಎಂದು ಸರದಿ ಹಾಕಿಕೊಂಡು ಹಾಡುತ್ತಿದ್ದಳು. ಕೇಳುವುದಕ್ಕೆ ಬೇಲಿಯಾಚೆ ಕುರಿಗಳಿದ್ದವು, ಅವೂ ಚಪ್ಪಾಳೆ ತಟ್ಟುತ್ತಿರಲಿಲ್ಲ.

ಹತ್ತೊಂಬತ್ತು ವರ್ಷದ ಹಿಂದೆ ಮೇ ತಿಂಗಳಲ್ಲಿ ಅಪ್ಪ ಹೋದ. ಎಂಬತ್ತಾರಾಗಿತ್ತು, ಹೋಗುವ ವಯಸ್ಸೇ. ಆದರೆ ಅಕ್ಟೋಬರಿನಲ್ಲಿ ತೆಕ್ವಿನ್ ಹೊಲದ ಗೇಟಿಗೆ ಒರಗಿದವನು ಎದೆನೋವಿನಿಂದ ಅಲ್ಲೇ ಕುಸಿದ. ಆ ಡಿಸೆಂಬರಿನಲ್ಲಿ ಮೋರ್ವಿದ್ ಕೆಳಗೆ ಸೇತುವೆಯ ಹತ್ತಿರವಿದ್ದ ಎಲಿಸ್‌ನ ಮನೆಗೆ ಹೋಗಿ, ಧೈರ್ಯ ಮಾಡಿ ಕೇಳಿದಳು.

"ಅಪ್ಪನ ದನಿ ನಾನು ತಗೋತೀನಿ ಕಣೋ. ಕೆಳದನಿಗೆ ಯಾರನ್ನಾದ್ರೂ ಕೇಳೋಣ. ಈಗ ಹೆಂಗಸ್ರೂ ಹಾಡ್ತಾರಲ್ಲ."

ಎಲಿಸ್ ಒಲೆಯ ಕಡೆ ನೋಡುತ್ತಿದ್ದವನು ತಿರುಗಲೂ ಇಲ್ಲ. "ಅಪ್ಪನ ಜಾಗದಲ್ಲಿ ನೀನಾ?" ಎಂದ. ಅಷ್ಟೇ. ಮೋರ್ವಿದ್ ಟೀ ಕೂಡ ಕುಡಿಯದೆ ಎದ್ದು ಬಂದಳು. ಆ ಮೂರು ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಅಣ್ಣ ತಂಗಿ ಮಾತು ಬಿಡಲಿಲ್ಲ. ಭಾನುವಾರ ಊಟಕ್ಕೆ ಬರುತ್ತಿದ್ದ, ಕುರಿ ಮಾಂಸಕ್ಕೆ ಪುದೀನ ಸಾಲದು ಎನ್ನುತ್ತಿದ್ದ, ಇವಳು ಬೇಕಾದರೆ ಬೆಳೆದುಕೊ ಎನ್ನುತ್ತಿದ್ದಳು. ಹಾಡಿನ ಸುದ್ದಿ ಮಾತ್ರ ಇಬ್ಬರೂ ಎತ್ತಲಿಲ್ಲ.

ಆ ಜನವರಿಯಲ್ಲಿ ಎರಡನೆಯ ತಂಡ ಹಾಡಿ ಕುಳಿತಿತು. ಮೂರನೆಯದು ಯಾವಾಗಲೂ ಮೇಲಿನಮನೆಯ ಸರದಿ. ಎಲಿಸ್ ಎದ್ದರೆ ಎದ್ದಾನು ಎಂದು ಎಲ್ಲರೂ ಕಾದರು. ಅವನು ಏಳಲಿಲ್ಲ. ಒಂದು ನುಡಿ ಹಾಡುವಷ್ಟು ಹೊತ್ತು ಕಾದು ಆಮೇಲೆ ಮುಂದಿನ ತಂಡ ಎದ್ದಿತು. ಎರಡನೆಯ ಸುತ್ತಿನಲ್ಲೂ ಹಾಗೇ ಆಯಿತು. ಮರುವರ್ಷವೂ ಕಾದರು, ಅದರ ಮರುವರ್ಷವೂ. ಹೀಗೆ ಕಾಯುವುದೇ ಪದ್ಧತಿಯಾಯಿತು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ, ಹೀಗೇಕೆ ಎಂದು ಯಾರೂ ಬಾಯಿಬಿಟ್ಟು ಆಡಿದ್ದೂ ಇಲ್ಲ. ಮೇಲಿನಮನೆಯ ಹಾಡನ್ನು ಬೇರೆ ಯಾವ ಮನೆಯವರೂ ಮುಟ್ಟಲಿಲ್ಲ. ಅದು ಅವರದು, ನಾವು ಹೇಗೆ ಹಾಡುವುದು ಎಂಬ ಮರ್ಯಾದೆ. ಆ ಮರ್ಯಾದೆಯಿಂದಲೇ ಹಾಡು ದಿನದಿನಕ್ಕೆ ಸಾಯುತ್ತಿದೆ ಎಂದು ಮೋರ್ವಿದ್‌ಗೆ ಗೊತ್ತಿತ್ತು. ಅವಳಿಗೆ ಅದು ಹೆಮ್ಮೆಯೂ ಹೌದು, ಸಂಕಟವೂ ಹೌದು.

ಕಳೆದ ಶರತ್ಕಾಲದಲ್ಲಿ ಕಡಲತಡಿಯ ದೊಡ್ಡ ಗ್ರಂಥಾಲಯದಿಂದ ಕಾಗದ ಬಂತು. ಹಳೆಯ ಹಾಡಿನ ಪುಸ್ತಕಗಳನ್ನು ಕೂಡಿಡುವ ಒಬ್ಬ ತರುಣ, ಬಹಳ ಸಭ್ಯ, ಬರೆದಿದ್ದ: ತಮ್ಮ ಮನೆಯ ಪುಸ್ತಕವನ್ನು ಕೊಟ್ಟರೆ ಬೆಂಕಿ, ನೀರು, ಹುಳ ಮುಟ್ಟದ ಹಾಗೆ ಕಾಪಾಡುತ್ತೇವೆ. ಮೋರ್ವಿದ್ ಮೂರು ವಾರ ಯೋಚಿಸಿ, ಪ್ಲಗೈನ್ ಕಳೆದ ಮೇಲೆ ಕಳಿಸುತ್ತೇನೆ ಎಂದು ಬರೆದಳು. ಕಂದು ಕಾಗದವನ್ನೂ ದಾರವನ್ನೂ ತಂದು ಅಡುಗೆಮನೆಯ ಕಪಾಟಿನ ಮೇಲಿಟ್ಟಳು. ಎಲಿಸ್‌ಗೆ ಹೇಳಿದರೆ "ನಿನ್ನಿಷ್ಟ" ಎಂದ. ಹಾಡು ಬಲ್ಲವರು ಇಬ್ಬರು. ಒಬ್ಬ ಬಾಯಿ ಬಿಡುವುದಿಲ್ಲ, ಇನ್ನೊಬ್ಬಳನ್ನು ಹಾಡು ಎಂದು ಕೇಳುವವರಿಲ್ಲ. ಪುಸ್ತಕ ಹೋದರೆ ಹಾಡು ಪೆಟ್ಟಿಗೆ ಸೇರಿತು, ಅಲ್ಲಿಗೆ ಮುಗಿಯಿತು. ಆ ಕಂದು ಕಾಗದ ಕಣ್ಣಿಗೆ ಬಿದ್ದಾಗಲೆಲ್ಲ ಅವಳು ಕಪಾಟಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದಳು.

ಹೀಗಿರುವಾಗ ಜನವರಿಯ ಮೊದಲ ವಾರ ಜೂಡಿತ್ ಲಾರ್ಟರ್ ಬಂದಿಳಿದಳು. ಇಂಗ್ಲೆಂಡಿನ ಪೂರ್ವ ಕರಾವಳಿಯವಳು, ಶಾಲೆಯೊಂದರಲ್ಲಿ ಮಕ್ಕಳಿಗೆ ಊಟ ಬೇಯಿಸಿ ನಿವೃತ್ತಳಾದವಳು. ಮೂರು ವರ್ಷದಿಂದ ಸಂಜೆ ತರಗತಿಗೆ ಹೋಗಿ ವೇಲ್ಸಿನ ಮಾತಾದ ವೆಲ್ಷ್ ಕಲಿಯುತ್ತಿದ್ದಳು, ಅಲ್ಲೇ ಪ್ಲಗೈನ್ ವಿಷಯ ಕೇಳಿ ಬಂದಿದ್ದಳು. ಅವಳ ಮಾತೆಲ್ಲ ಪುಸ್ತಕದ್ದು.

ಮೊಟ್ಟೆ ತಂದಿದ್ದ ಕೆಳಗಿನಮನೆ ಗ್ವಿಲಿಮ್‌ನನ್ನು ಕಂಡು ಅವಳು ಎದ್ದು ನಿಂತು, "ಶುಭೋದಯ. ತಮ್ಮ ಕೋಳಿಗಳು ಕ್ಷೇಮದಿಂದಿವೆಯೇ?" ಎಂದಳು.

ಗ್ವಿಲಿಮ್ ಮೋರ್ವಿದ್‌ನ ಓರಗೆಯವನು, ಎಂಟು ಹಸು, ಒಂದು ನಾಯಿ, ಹೇಳಲಾರದಷ್ಟು ಬಾಯಿ. "ಕ್ಷೇಮ ಕಣಮ್ಮ. ತಾವು ವಿಚಾರಿಸಿದ್ರಿ ಅಂತ ಹೇಳ್ತೀನಿ, ಸಂತೋಷ ಪಡ್ತಾವೆ," ಎಂದ. ಆಮೇಲೆ ಬಾಗಿಲ ಹತ್ತಿರ ಮೋರ್ವಿದ್‌ಗೆ ಪಿಸುಗುಟ್ಟಿದ. "ನಿನ್ ಅತಿಥಿ ಬಾಯಿಬಿಟ್ರೆ ನಂಗೆ ಟೋಪಿ ತೆಗೀಬೇಕು ಅನ್ಸುತ್ತೆ ಕಣೇ. ನಮ್ ಪಾದ್ರಿಗಳೂ ಹಿಂಗ್ ಮಾತಾಡಲ್ಲ."

"ನಗಬೇಡ. ಅವಳು ಅರವತ್ತನೇ ವಯಸ್ಸಲ್ಲಿ ನಮ್ ಮಾತು ಕಲ್ತಿದಾಳೆ. ನೀನು ಅವಳ ಮಾತನ್ನ ಶಾಲೇಲಿ ಹತ್ತು ವರ್ಷ ಕಲ್ತು ಏನ್ ಕಿಸಿದೆ?"

"ಅದೂ ಸರಿ," ಎಂದು ಗ್ವಿಲಿಮ್ ಟೋಪಿ ಹಾಕಿಕೊಂಡು ಹೋದ.

ಮೋರ್ವಿದ್‌ಗೆ ಈ ಹೆಂಗಸು ಹಿಡಿಸಿದಳು. ಕೋಟೆಯ ಸುದ್ದಿ ಕೇಳಲಿಲ್ಲ. ಬಾಣಲೆ ತಾನೇ ತೊಳೆದಳು, ಅದೂ ಸರಿಯಾಗಿ. ಭಾನುವಾರದ ಹೊತ್ತಿಗೆ ಮೋರ್ವಿದ್ ಅವಳಿಗೆ ಎಲ್ಲ ನಿಯಮ ಹೇಳಿದ್ದಳು: ಚಪ್ಪಾಳೆ ತಟ್ಟಬೇಡಿ, ಫೋನು ತೆಗೆಯಬೇಡಿ, ಮುಂದಿನ ಬೆಂಚು ಹಾಡುವವರಿಗೆ, ಹಾಡಬೇಕು ಅನ್ನಿಸಿದವರು ಯಾರಾದರೂ ಎದ್ದು ಹೋಗಬಹುದು, ಅದೇ ನಮ್ಮಲ್ಲಿನ ದೊಡ್ಡಸ್ತಿಕೆ. ಎರಡು ಸುತ್ತಿನ ವಿಷಯ ಹೇಳಲಿಲ್ಲ. ಕೇಳಲು ಬಂದವಳಿಗೆ ಅದೇಕೆ? ಮೂರನೆಯ ಸರದಿಯ ಮೌನದ ವಿಷಯವನ್ನೂ ಹೇಳಲಿಲ್ಲ. ಅದನ್ನು ಹೇಳುವುದು ಹೇಗೆಂದು ಗ್ವೆರ್ನೋಗ್‌ನಲ್ಲಿ ಯಾರಿಗೂ ಗೊತ್ತಿರಲಿಲ್ಲ. ದಿನಾ ಸಂಜೆ ಮಹಡಿಯ ಕೋಣೆಯಿಂದ ಸಣ್ಣಗೆ ಗುನುಗುವುದು ಕೇಳುತ್ತಿತ್ತು. ಕೆಲವರಿಗೆ ಸ್ನಾನ ಮಾಡುವಾಗ ಹಾಗೆ ಅಭ್ಯಾಸ ಎಂದು ಮೋರ್ವಿದ್ ಸುಮ್ಮನಾದಳು.

ಭಾನುವಾರ ಸಂಜೆ ಚರ್ಚು ತುಂಬಿತ್ತು. ಪ್ರತಿ ಬೆಂಚಿನ ತುದಿಗೂ ಮೇಣದಬತ್ತಿ. ಮೋರ್ವಿದ್ ತನ್ನ ಎಂದಿನ ಜಾಗದಲ್ಲಿ ಕುಳಿತಳು, ಪಕ್ಕದಲ್ಲಿ ಜೂಡಿತ್. ಎರಡು ಬೆಂಚು ಮುಂದೆ ಎಲಿಸ್‌ನ ಕತ್ತು, ಹೊಸದಾಗಿ ಕತ್ತರಿಸಿದ್ದ ಬಿಳಿಗೂದಲು. ಮೋರ್ವಿದ್‌ನ ಕೈಚೀಲದಲ್ಲಿ ಕರಿಯ ರಟ್ಟಿನ ಪುಸ್ತಕವೂ ಅಪ್ಪನ ಶ್ರುತಿಕವೆಯೂ ಇದ್ದವು. ಪ್ರತಿವರ್ಷ ತರುತ್ತಿದ್ದಳು, ತೆಗೆಯುತ್ತಿರಲಿಲ್ಲ. ಈ ವರ್ಷ ಕೊನೆಯ ಸಲ ಎಂದು ತಂದಿದ್ದಳು.

ಮೊದಲು ಕೆಳಗಿನಮನೆಯವರು ಹಾಡಿದರು. ಗ್ವಿಲಿಮ್‌ನ ಇಷ್ಟು ದೊಡ್ಡ ಬಾಯಿಂದ ಅಷ್ಟು ಹದವಾದ ದನಿ ಹೇಗೆ ಹೊರಡುತ್ತದೋ ದೇವರಿಗೇ ಗೊತ್ತು. ಎರಡನೆಯದು ಗಿರಣಿಮನೆಯ ಅಕ್ಕತಂಗಿಯರದು. ಅವರು ಬಂದು ಕುಳಿತರು. ಚರ್ಚು ಸ್ತಬ್ಧವಾಯಿತು.

ಮೋರ್ವಿದ್ ಆ ಮೌನದಲ್ಲಿ ಎಂದಿನಂತೆ ಮನಸ್ಸಿನೊಳಗೆ ಮೊದಲ ನುಡಿ ಹಾಡಿಕೊಂಡಳು. ಮೂರನೆಯ ಸಾಲಿಗೆ ಬಂದಿದ್ದಳು. ಆಗ ಪಕ್ಕದಲ್ಲಿ ಬೆಂಚು ಕಿರುಗುಟ್ಟಿತು. ಜೂಡಿತ್ ಎದ್ದಿದ್ದಳು. ಕೆಮ್ಮು ಬಂದಿರಬೇಕು, ಹೊರಗೆ ಹೋಗುತ್ತಾಳೆ ಎಂದುಕೊಂಡು ಮೋರ್ವಿದ್ ಕಾಲು ಸರಿಸಿ ದಾರಿ ಬಿಟ್ಟಳು. ಜೂಡಿತ್ ಬಾಗಿಲ ಕಡೆ ಹೋಗಲಿಲ್ಲ, ಮುಂದಕ್ಕೆ ಹೋದಳು. ಎಲ್ಲರ ಎದುರು ನಿಂತು, ಕೋಟಿನ ಜೇಬಿನಿಂದ ಪುಟ್ಟ ಪೀಪಿಯೊಂದನ್ನು ತೆಗೆದು ಒಂದು ಸ್ವರ ಊದಿ, ಹಾಡತೊಡಗಿದಳು.

ಯಾರೂ ಅಲ್ಲಾಡಲಿಲ್ಲ. ಎಲಿಸ್‌ನ ಕತ್ತು ಕೆಂಪಾದದ್ದು ಮೇಣದಬತ್ತಿಯ ಬೆಳಕಿನಲ್ಲೂ ಕಂಡಿತು.

ಮೋರ್ವಿದ್‌ಗೆ ಕೋಪ ಬಂತು, ಸಣ್ಣ ಕೋಪವಲ್ಲ. ಹತ್ತೊಂಬತ್ತು ವರ್ಷ ಇಡೀ ಊರು ಒಂದು ಮಾತೂ ಆಡದೆ ಕಾದುಕೊಂಡು ಬಂದ ಜಾಗದಲ್ಲಿ ಇವಳು ಹೋಗಿ ನಿಂತಳಲ್ಲ. ಅಪ್ಪ ನಿಲ್ಲುತ್ತಿದ್ದ ಅದೇ ಕಲ್ಲಿನ ಮೇಲೆ. ಆದರೆ ಕೋಪ ಯಾರ ಮೇಲೆ ಮಾಡಿಕೊಳ್ಳುವುದು? ಯಾರಾದರೂ ಎದ್ದು ಹೋಗಬಹುದು ಎಂದು ಗಲ್ಲ ಎತ್ತಿ ಹೇಳಿದವಳು ತಾನೇ. ಆ ಹೆಂಗಸು ಚೆನ್ನಾಗಿಯೇ ಹಾಡುತ್ತಿದ್ದಳು. ಎರಡು ಕಡೆ ಉಚ್ಚಾರ ತೊಡರಿತು, ದನಿ ನಡುಗಿತು, ಆದರೂ ಮುಖದಲ್ಲಿ ಆಡಂಬರವಿರಲಿಲ್ಲ, ಅನ್ನ ಬಡಿಸುವವಳ ಹಾಗೆ ನೇರವಾಗಿ ಹಾಡಿದಳು. ಹಾಡಿ ಮುಗಿಸಿ ತಲೆ ತಗ್ಗಿಸಿಕೊಂಡು ಬಂದು ಕುಳಿತಳು. ಚರ್ಚಿನ ಸೂರು ಬೀಳಲಿಲ್ಲ. ನಾಲ್ಕನೆಯ ತಂಡ ಎದ್ದಿತು.

"ನಾನು ಸರಿಯಾಗಿ ಹಾಡಿದೆನೇ?" ಜೂಡಿತ್ ಪಿಸುಗುಟ್ಟಿದಳು. ಕಣ್ಣು ತುಂಬಿತ್ತು. "ಒಂದು ವರ್ಷದಿಂದ ಅಭ್ಯಾಸ ಮಾಡಿದೆ. ತಮಗೆ ಅಚ್ಚರಿ ಆಗಲೆಂದು ಹೇಳಲಿಲ್ಲ."

"ಅಚ್ಚರಿ ಆಯ್ತು," ಎಂದಳು ಮೋರ್ವಿದ್. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಏಳು ತಂಡ ಹಾಡಿದ ಮೇಲೆ ಮೊದಲ ಸುತ್ತು ಮುಗಿಯಿತು. ನಡುವೆ ಸಭೆಯೆಲ್ಲ ನಿಂತು ಒಂದು ಕೀರ್ತನೆ ಹೇಳುವ ವಾಡಿಕೆ. ಆ ಗದ್ದಲದಲ್ಲಿ ಮೋರ್ವಿದ್ ಬಗ್ಗಿ ಕೇಳಿದಳು. "ಎರಡನೇದು ಯಾವ್ದು ಹಾಡ್ತೀರಿ?"

"ಎರಡನೆಯದು?"

"ಎರಡನೇ ಸುತ್ತಿಗೆ. ಮೂರನೆಯವ್ರಾಗಿ ಹೋದ್ರಲ್ಲ, ಈಗ್ಲೂ ಮೂರನೇ ಸರದಿ ನಿಮ್ದೇ."

ಜೂಡಿತ್‌ನ ಮುಖ ಬಿಳಿಚಿಕೊಂಡಿತು. "ನನಗೆ ಬರುವುದು ಇದೊಂದೇ. ಇದನ್ನೇ ಮತ್ತೊಮ್ಮೆ..."

"ಅದು ಮಾತ್ರ ಆಗಲ್ಲ."

"ಹಾಗಾದರೆ ಸುಮ್ಮನೆ ಕುಳಿತುಕೊಳ್ಳಲೇ?"

"ಕಾಯ್ತಾರೆ," ಎಂದಳು ಮೋರ್ವಿದ್. "ನಮ್ಮೂರೋರು ಕಾಯೋದಕ್ಕೆ ನಿಂತ್ರೆ ಬೇಗ ಬಿಡಲ್ಲ. ಅದು ನಂಗೊತ್ತು."

ಕೀರ್ತನೆ ಮುಗಿಯಿತು. ಗ್ವಿಲಿಮ್‌ನ ತಂಡ ಎದ್ದು ಹೋಯಿತು. ಜೂಡಿತ್ ಕೈಗವಸನ್ನು ಹಿಂಡುತ್ತಿದ್ದಳು. ಮೂರು ವರ್ಷ ಮಾತು ಕಲಿತು, ಒಂದು ವರ್ಷ ಹಾಡು ಕಲಿತು, ಇನ್ನೂರು ಮೈಲಿಯಿಂದ ಬಂದವಳು ಇನ್ನು ಹತ್ತು ನಿಮಿಷದಲ್ಲಿ ಎಲ್ಲರ ಎದುರು ತಲೆ ತಗ್ಗಿಸಿ ಕೂರಬೇಕು. ಅದೂ ಮೇಲಿನಮನೆಯ ಅತಿಥಿ. ಮೋರ್ವಿದ್‌ಗೆ ಆ ಯೋಚನೆಯೇ ಸಹಿಸಲಾಗಲಿಲ್ಲ. ನಮ್ಮ ಮನೆಗೆ ಬಂದವಳು ಬರಿಗೈಲಿ ಕೂತಳು ಎಂದು ಆಗಬಾರದು. ಇಷ್ಟು ದಿನ ಆ ಮೌನ ಸತ್ತವರದು, ಅದಕ್ಕೊಂದು ಗೌರವವಿತ್ತು. ಇವತ್ತು ಅದೇ ಮೌನ ಒಬ್ಬ ಬದುಕಿರುವ ಹೆಂಗಸಿಗೆ ಅವಮಾನವಾಗಲಿತ್ತು.

ಗಿರಣಿಮನೆಯವರು ಹಾಡಿ ಕುಳಿತರು. ಮೌನ ಬಂತು. ಎಲ್ಲರೂ ಜೂಡಿತ್‌ನ ಕಡೆ ನೋಡದೆ ನೋಡುತ್ತಿದ್ದರು.

ಮೋರ್ವಿದ್ ಕೈಚೀಲ ತೆಗೆದಳು. ಎದ್ದಳು. ಹಾಲಿನ ಲಾರಿಗೇ ದಾರಿ ಬಿಡದವಳು ಈಗ ಹಿಂದಕ್ಕೆ ಸರಿದಾಳೆಯೇ? ಮುಂದೆ ಹೋಗಿ ಅಪ್ಪನ ಕಲ್ಲಿನ ಮೇಲೆ ನಿಂತಳು. ಶ್ರುತಿಕವೆಯನ್ನು ಬೆಂಚಿನ ಅಂಚಿಗೆ ತಟ್ಟಿ ಕಿವಿಗೆ ಹಿಡಿದಳು. ಪುಸ್ತಕ ತೆರೆದಳು, ತನ್ನದೇ ಹನ್ನೊಂದು ವರ್ಷದ ದುಂಡಗಿನ ಅಕ್ಷರ. ಓದುವ ಅಗತ್ಯವಿರಲಿಲ್ಲ, ಹಿಡಿದುಕೊಳ್ಳಲು ಏನಾದರೂ ಬೇಕಿತ್ತು.

ಅಪ್ಪನ ದನಿಯನ್ನು ಅವಳು ಒಬ್ಬಳೇ ಎತ್ತಿಕೊಂಡಳು. ಆದಾಮನ ತೋಟ, ಮುಚ್ಚಿದ ಬಾಗಿಲು. ಮೂವತ್ತೊಂದು ವರ್ಷ ವ್ಯಾನಿನೊಳಗೆ ಹಾಡಿದ ದನಿ ಕಲ್ಲಿನ ಗೋಡೆಗೆ ತಾಗಿ ಹಿಂದಿರುಗಿ ಬಂದಾಗ ಅವಳಿಗೇ ಆಶ್ಚರ್ಯವಾಯಿತು. ಇದು ನನ್ನದೇ ಎಂದುಕೊಂಡಳು. ಮೊದಲ ನುಡಿ ಮುಗಿಯಿತು. ಒಂಟಿ ದನಿ, ಬಡಕಲಾಗಿತ್ತು, ಆದರೆ ಒಂದು ಸ್ವರವೂ ಜಾರಿರಲಿಲ್ಲ.

ಉಸಿರು ತೆಗೆದುಕೊಳ್ಳುವಾಗ ಒಂದು ಬೆಂಚು ನರಳಿತು. ಎಲಿಸ್ ಎದ್ದಿದ್ದ. ಎಡಗಾಲು ಎಳೆಯುತ್ತ ಬಂದು ಅವಳ ಎಡಕ್ಕೆ ನಿಂತ. ಅವಳ ಮುಖ ನೋಡಲಿಲ್ಲ, ಪುಸ್ತಕ ನೋಡಿದ, ಬೆರಳಲ್ಲಿ ಅದರ ತುದಿ ಹಿಡಿದ. ಎರಡನೆಯ ನುಡಿಗೆ ನಡುದನಿ ಕೂಡಿಕೊಂಡಿತು. ತುಕ್ಕು ಹಿಡಿದಿತ್ತು, ಮೂರನೆಯ ನುಡಿಯ ಹೊತ್ತಿಗೆ ತುಕ್ಕು ಬಿಟ್ಟಿತು.

ತೆಕ್ವಿನ್‌ನ ಜಾಗ ಖಾಲಿ ಇತ್ತು. ಕೊಟ್ಟಿಗೆಯ ನುಡಿ ಐದನೆಯದು. ಅಲ್ಲಿ ಮೇಲಿನ ಎರಡು ದನಿ ನಿಂತು ಕೆಳದನಿಯೊಂದೇ ಒಂದು ಸಾಲು ನಡೆಯಬೇಕು. ಮೋರ್ವಿದ್ ಮತ್ತು ಎಲಿಸ್ ಆ ಸಾಲಿಗೆ ಬಂದು ನಿಂತರು. ಇಬ್ಬರೂ ಈಗೇನು ಮಾಡುವುದು ಎಂದು ಯೋಚಿಸಿರಲಿಲ್ಲ.

ಮೊದಲ ಬೆಂಚಿನಿಂದ, ಕುಳಿತ ಜಾಗದಿಂದಲೇ, ಗ್ವಿಲಿಮ್‌ನ ದನಿ ಆ ಸಾಲನ್ನು ಎತ್ತಿಕೊಂಡಿತು. ಅವನ ಹಿಂದೆ ಇನ್ನೊಬ್ಬ, ಗೋಡೆಯ ಪಕ್ಕದಿಂದ ಮತ್ತೊಬ್ಬ. ಚರ್ಚಿನ ಗಂಡಸರೆಲ್ಲ ತಲೆ ತಗ್ಗಿಸಿಕೊಂಡು, ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ, ಮೆಲ್ಲಗೆ ತೆಕ್ವಿನ್‌ನ ಸಾಲು ಹಾಡುತ್ತಿದ್ದರು. ಒಬ್ಬರೂ ಒಂದು ಪದ ತಪ್ಪಲಿಲ್ಲ. ಹತ್ತೊಂಬತ್ತು ವರ್ಷ ಯಾರೂ ಹಾಡದ ಹಾಡು ಎಲ್ಲರಿಗೂ ಬರುತ್ತಿತ್ತು. ಇನ್ನೂ ಆರು ನುಡಿ ಬಾಕಿಯಿತ್ತು, ಮೋರ್ವಿದ್‌ಗೆ ಅಳಲು ಪುರುಸೊತ್ತಿರಲಿಲ್ಲ.

ಹನ್ನೊಂದನೆಯ ನುಡಿ ಮುಗಿದಾಗ ಚಪ್ಪಾಳೆ ಇರಲಿಲ್ಲ. ಅಣ್ಣ ತಂಗಿ ತಂತಮ್ಮ ಬೆಂಚಿಗೆ ಹೋಗಿ ಕುಳಿತರು. ನಾಲ್ಕನೆಯ ತಂಡದವರು ಏಳಲು ತುಸು ತಡ ಮಾಡಿದರು. ಅವರಲ್ಲೊಬ್ಬ ಕನ್ನಡಕ ಒರೆಸಿಕೊಳ್ಳುತ್ತಿದ್ದ.

ಊಟ ಶಾಲೆಯ ಸಭಾಂಗಣದಲ್ಲಿ. ಹಂದಿಮಾಂಸದ ತೆಳು ಹೋಳುಗಳು, ಉಪ್ಪಿನಕಾಯಿ ಈರುಳ್ಳಿ, ಬೆಣ್ಣೆ ಸವರಿದ ಒಣದ್ರಾಕ್ಷಿ ಬ್ರೆಡ್ಡು, ಕೆಟಲಿಗಟ್ಟಲೆ ಟೀ. ಹಾಡಿನ ಬಗ್ಗೆ ಯಾರೂ ಹೊಗಳುವುದಿಲ್ಲ, ಅದೂ ಪದ್ಧತಿಯೇ. ಈರುಳ್ಳಿ ಚೆನ್ನಾಗಿದೆ ಎನ್ನುತ್ತಾರೆ. ಆ ಸಂಜೆ ಮೋರ್ವಿದ್‌ಗೆ ಈರುಳ್ಳಿ ಚೆನ್ನಾಗಿದೆ ಎಂದು ಹದಿನೇಳು ಜನ ಬಂದು ಹೇಳಿದರು. ಈರುಳ್ಳಿ ಹಾಕಿದವಳು ಅವಳಲ್ಲ.

"ನಿಂಗೆ ಆ ಸಾಲು ಹೆಂಗ್ ಬರುತ್ತೋ ಗ್ವಿಲಿಮ್?" ಎಂದು ಕೇಳಿದಳು.

"ಹಾಲು ಕರೆಯೋವಾಗ ಹಾಡ್ಕೋತೀನಿ. ಹತ್ತೊಂಬತ್ತು ವರ್ಷದಿಂದ ಬರೀ ಕೆಳದನಿ. ನನ್ ಹಸುಗಳಿಗೂ ಸಾಕಾಗಿತ್ತು, ಮೇಲಿನ್ ದನಿ ಯಾವಾಗ ಅಂತ ಕೇಳ್ತಿದ್ವು."

ಎಲಿಸ್ ತಟ್ಟೆ ಹಿಡಿದು ಬಂದು ಪಕ್ಕದ ಕುರ್ಚಿಯಲ್ಲಿ ಕುಳಿತ. ಬ್ರೆಡ್ಡು ತಿಂದ. ಟೀ ಕಲಕಿದ. "ಏಳ್ನೇ ನುಡೀಲಿ ಅವಸರ ಮಾಡ್ದೆ," ಎಂದ.

"ನೀನು ಎರಡ್ನೇ ನುಡಿಗೆ ಬಂದೆ. ಹತ್ತೊಂಬತ್ತು ವರ್ಷ ತಡವಾಗಿ."

ಅವನು ಟೀಯನ್ನು ಇನ್ನೊಮ್ಮೆ ಕಲಕಿದ. "ಅವತ್ತು ನಾನು ಅಂದಿದ್ದು... ನೀನು ಬೇರೆ ಥರ ತಗೊಂಡೆ. ಅಡಿಗೆಮನೇಲಿ ನೀನು ಹಾಡ್ತಿದ್ರೆ ಥೇಟ್ ಅಪ್ಪನ್ ದನಿ ಕಣೇ. ಅಪ್ಪನ್ನ ಮಣ್ಣು ಮಾಡಿ ಏಳು ತಿಂಗಳಾಗಿತ್ತು. ಪಕ್ಕದಲ್ಲಿ ನಿಂತು ಅದನ್ನ ಕೇಳೋಕೆ ನನ್ ಕೈಲಿ ಆಗ್ತಿರ್ಲಿಲ್ಲ."

ಹತ್ತೊಂಬತ್ತು ವರ್ಷ ಚುಚ್ಚಿದ್ದು ಯಾವ ಮುಳ್ಳು ಎಂದು ಮೋರ್ವಿದ್‌ಗೆ ಈಗ ತಿಳಿಯಿತು. "ಹಂಗಂತ ಹೇಳಬಾರ್ದಿತ್ತಾ, ಕತ್ತೆ," ಎಂದು ತನ್ನ ತಟ್ಟೆಯ ಈರುಳ್ಳಿಯನ್ನು ಅವನ ತಟ್ಟೆಗೆ ಹಾಕಿದಳು.

ಅಷ್ಟರಲ್ಲಿ ಜೂಡಿತ್ ಬಂದು ಎದುರಿಗೆ ನಿಂತಳು. ಯಾರೋ ಅವಳಿಗೆ ಮೂರನೆಯ ಸರದಿಯ ಕಥೆ ಹೇಳಿದ್ದರು. ಹತ್ತೊಂಬತ್ತು ವರ್ಷದಲ್ಲಿ ಅದನ್ನು ಯಾರಾದರೂ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ನಾನು ತಮ್ಮ ತಂದೆಯವರ ಸ್ಥಾನವನ್ನು ತಿಳಿಯದೆ ಆಕ್ರಮಿಸಿಕೊಂಡೆನು. ದಯವಿಟ್ಟು ಕ್ಷಮಿಸಬೇಕು," ಎಂದಳು.

ಎಲಿಸ್ ತಂಗಿಯ ಮುಖ ನೋಡಿದ.

"ಕೂತ್ಕೋ ಜೂಡಿತ್," ಎಂದಳು ಮೋರ್ವಿದ್. "ಮುಂದಿನ್ ವರ್ಷ ಎರಡು ಹಾಡು ಕ‍ಲ್ತು ಬಾ. ಕೊನೇ ಸರದಿ ಹಿಡ್ಕೋ. ಮೂರನೇದು ನಮ್ದು."

ಜೂಡಿತ್ ಮಾರನೆಯ ಬೆಳಿಗ್ಗೆ ಹೊರಟಳು. ಗ್ವಿಲಿಮ್ ಅರ್ಧ ಡಜನ್ ಮೊಟ್ಟೆ ತಂದು ಅವಳ ಕಾರಿನಲ್ಲಿಟ್ಟು, ನಿಜವಾಗಿಯೂ ಟೋಪಿ ತೆಗೆದ. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಮೋರ್ವಿದ್ ಒಳಗೆ ಬಂದು, ಅಡುಗೆಮನೆಯ ಮೇಜಿನ ಮೇಲೆ ಕರಿಯ ರಟ್ಟಿನ ಪುಸ್ತಕವಿಟ್ಟು, ಕಪಾಟಿನಿಂದ ಕಂದು ಕಾಗದವನ್ನೂ ಕತ್ತರಿಯನ್ನೂ ಇಳಿಸಿದಳು. ಅಳತೆ ನೋಡಿ ಕತ್ತರಿಸಿದಳು. ಮೂಲೆಗಳನ್ನು ಒಳಕ್ಕೆ ಮಡಚಿ, ಶಾಲೆಯ ಪುಸ್ತಕಕ್ಕೆ ಹಾಕುವ ಹಾಗೆ, ಅದಕ್ಕೊಂದು ಗಟ್ಟಿ ಹೊದಿಕೆ ಹಾಕಿದಳು. ದಾರವನ್ನು ಡ್ರಾಯರಿಗೆ ಹಾಕಿದಳು. ಆಮೇಲೆ ಕಡಲತಡಿಯ ಸಭ್ಯ ತರುಣನಿಗೆ ಕಾಗದ ಬರೆದಳು. ಮೂವತ್ತೊಂದು ವರ್ಷ ವ್ಯಾನಿನ ಬಾಗಿಲಲ್ಲಿ ನಿಂತು ದಿನಕ್ಕೆ ಹತ್ತು ಸಲ ಜನರಿಗೆ ಹೇಳಿದ ಮಾತೇ ಆದ್ದರಿಂದ ಹುಡುಕಬೇಕಾಗಲಿಲ್ಲ.

ಕ್ಷಮಿಸಿ, ತಾವು ಕೇಳಿದ ಪುಸ್ತಕ ಓದುಗರ ಬಳಿ ಇದೆ. ಯಾವಾಗ ಹಿಂದಿರುಗುತ್ತದೆಂದು ಹೇಳಲಾಗುವುದಿಲ್ಲ.